ಮರ್ಲಿನ್ ಆಂಟಿಯ ಊರು

ಮರ್ಲಿನ್ ಆಂಟಿ ಬರೆದ ಚಿತ್ರಗಳಲ್ಲಿ ಯಾರ ಕಾಲೂ ನೆಲಕ್ಕೆ ತಾಗುತ್ತಿರಲಿಲ್ಲ. ಸೀರೆಯುಟ್ಟ ಹೆಂಗಸರು, ಕಾರ್ನಿವಲ್ ಹಬ್ಬದ ಗರಿ ಮುಡಿದ ಕಪ್ಪು ಹೆಂಗಸರ ಕೈ ಹಿಡಿದು ಸಮುದ್ರದ ಮೇಲೆ ತೇಲುತ್ತಿದ್ದರು. ಆ ನೀಲಿಯಲ್ಲಿ ನೀರು ಯಾವುದು, ಆಕಾಶ ಯಾವುದು ಎಂದು ತಿಳಿಯುತ್ತಿರಲಿಲ್ಲ. ಹ್ಯೂಸ್ಟನ್ನಿನ ಫ್ರೇಮ್ ಅಂಗಡಿಯಲ್ಲಿ ಅವಕ್ಕೆ ಕಟ್ಟು ಹಾಕುತ್ತಿದ್ದವಳು ನಾನು, ಉಷಾರಾಣಿ. ಎಷ್ಟೋ ಮಧ್ಯಾಹ್ನ ಮೊಳೆ ಹೊಡೆಯುವುದನ್ನೇ ಮರೆತು ನಾನೂ ಅವರ ಜೊತೆ ತೇಲಿದ್ದುಂಟು.

ಆಂಟಿ ಹುಟ್ಟಿದ್ದು ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪದಲ್ಲಿ. ಅವರ ಮುತ್ತಜ್ಜ ಕಬ್ಬಿನ ತೋಟದ ಕೆಲಸಕ್ಕೆಂದು ಬಿಹಾರದಿಂದ ಹಡಗು ಹತ್ತಿದವನು. ಆಂಟಿ ಹ್ಯೂಸ್ಟನ್ನಿಗೆ ಬಂದು ಮೂವತ್ತು ವರ್ಷ ಶಾಲೆಯೊಂದರಲ್ಲಿ ಅಡುಗೆ ಮಾಡಿದರು. ನಿವೃತ್ತಿಯ ನಂತರ ಕುಂಚ ಹಿಡಿದರು. ೨೦೦೩ರಲ್ಲಿ ನಗರದಲ್ಲಿ ಕೆರಿಬಿಯನ್ ಕಲಾವಿದರ ಪ್ರದರ್ಶನವೆಂದು ತಿಳಿದಾಗ ಅವರಿಗೆ ಊಟ ತಿಂಡಿಯ ಪರಿವೆಯೇ ತಪ್ಪಿತು. ಆ ಗೋಡೆಯ ಮೇಲೆ ತಮ್ಮದೊಂದು ಚಿತ್ರ ಇರಬೇಕು, ಅದೊಂದೇ ಆಸೆ. ಅವರ ಕನ್ನಡಕ ರಿಪೇರಿಗೆ ಹೋಗಿದ್ದರಿಂದ ಅರ್ಜಿ ತುಂಬುವ ಕೆಲಸ ನನ್ನ ಪಾಲಿಗೆ ಬಂತು.

'ದೇಶ' ಎಂದಿದ್ದ ಕಡೆ ಮಹಾ ಜಾಣೆ ನಾನು 'ಇಂಡಿಯಾ' ಎಂದು ಬರೆದೆ. ನಮ್ಮಲ್ಲಿ ಹಾಗೇ ತಾನೆ? ನಾನು ಹುಟ್ಟಿ ಬೆಳೆದದ್ದೆಲ್ಲ ಮೈಸೂರಿನಲ್ಲಿ. ಆದರೂ ಯಾವ ಊರೆಂದು ಕೇಳಿದರೆ, ನಾನು ಕಣ್ಣಿಂದಲೂ ಕಾಣದ, ತಾತನ ಊರಾದ ಶಿರಾ ಎನ್ನುತ್ತೇನೆ. ಆಂಟಿಯನ್ನು ನಮ್ಮವರೆಂದುಕೊಳ್ಳುವ ಆಸೆಯೂ ಅದರಲ್ಲಿ ಸೇರಿತ್ತು.

ಮೂರೇ ವಾರಕ್ಕೆ ಚಿತ್ರ ವಾಪಸ್ ಬಂತು. ಕೆರಿಬಿಯನ್ನರಿಗೆ ಮಾತ್ರ ಅವಕಾಶವಂತೆ.

ಆಂಟಿ ತಮ್ಮ ರಾಗದ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ್ದು ಇಷ್ಟು: "ಟ್ರಿನಿಡಾಡ್‌ನಲ್ಲಿ ಕೆಲವರು 'ನಿಮ್ಮ ಇಂಡಿಯಾಗೆ ಹೋಗಿ' ಅಂತಿದ್ರು. ಇಂಡಿಯಾಗೆ ಹೋದ್ರೆ ಫಾರಿನ್‌ನವಳು ಅಂದ್ರು. ಉಷಾ, ನೀನೂ ನನ್ನ ಮನೆಯಿಂದ ನನ್ನನ್ನೇ ಹೊರಗೆ ಹಾಕ್ಬಿಟ್ಯಲ್ಲ."

ಮರುದಿನ ಬೆಳಿಗ್ಗೆಯೇ ಚಿತ್ರವನ್ನೂ ಅವರ ಹಳೆಯ ಟ್ರಿನಿಡಾಡ್ ಪಾಸ್‌ಪೋರ್ಟನ್ನೂ ಕಾರಿನಲ್ಲಿಟ್ಟುಕೊಂಡು ಪ್ರದರ್ಶನದ ಕಚೇರಿಗೆ ಹೋದೆ. ತಪ್ಪು ನನ್ನದೆಂದು ಗೋಗರೆದೆ. ಸಂಜೆಯ ಹೊತ್ತಿಗೆ ಒಪ್ಪಿದರು.

ಪ್ರದರ್ಶನದ ದಿನ ಆಂಟಿ ನನ್ನ ಕೈ ಹಿಡಿದೇ ಒಳಗೆ ಬಂದರು. ಒಬ್ಬಾಕೆ ನಮ್ಮಿಬ್ಬರನ್ನೂ ನೋಡಿ ನಕ್ಕು, "ತಾಯಿ ಮಗಳಾ? ಇಂಡಿಯಾದವರಾ?" ಎಂದು ಕೇಳಿದಳು.

ಹೌದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಈ ಊರಿನಲ್ಲಿ ನನಗೆ ತಾಯಿಯಂತೆ ಇದ್ದವರು ಅವರೊಬ್ಬರೇ.

"ನಾನು ಇಂಡಿಯಾದವಳು," ಎಂದೆ. "ಇವರು ಟ್ರಿನಿಡಾಡ್‌ನವರು."

ಆಂಟಿ ನನ್ನ ಕೈ ಬಿಟ್ಟು, ಅವಳನ್ನು ತಮ್ಮ ಚಿತ್ರದ ಕಡೆಗೆ ಕರೆದುಕೊಂಡು ಹೋದರು.