ಸೈಬರ್ ಅಂಗಡಿಯ ವಕೀಲ

ಚಳ್ಳಕೆರೆಯ ಕೋರ್ಟ್ ರಸ್ತೆಯಲ್ಲಿ ‘ಸೈಬರ್ ಕಾನೂನು ವಕೀಲರು’ ಎಂಬ ಬೋರ್ಡನ್ನು ನಾನು ಸಕಲ ಗಾಂಭೀರ್ಯದಿಂದ ತೂಗುಹಾಕಿದೆ. ನಮ್ಮ ಕಡೆ ಸೈಬರ್ ಎಂದರೆ ಪಹಣಿ, ಆಧಾರ್ ಪ್ರಿಂಟ್ ತೆಗೆದುಕೊಡುವ ಅಂಗಡಿ ಎಂಬುದು ಮರೆತೇಹೋಗಿತ್ತು.

ಮೊದಲ ಕಕ್ಷಿದಾರರಾಗಿ ಮೊಳಕಾಲ್ಮೂರಿನಿಂದ ಸೀರೆ ನೇಯುವ ತಾಯಿಯೊಬ್ಬರು ಬಂದರು. ಅವರ ಮಗಳ ಫೋಟೋ ಹಾಕಿ ಯಾರೋ ನಕಲಿ ಖಾತೆ ತೆರೆದು, ಊರವರಿಗೆಲ್ಲ ಕೆಟ್ಟ ಮೆಸೇಜು ಕಳಿಸುತ್ತಿದ್ದರು. ಹುಡುಗಿ ನಾಚಿಕೆಯಿಂದ ಕಾಲೇಜನ್ನೇ ಬಿಟ್ಟು ಕುಳಿತಿದ್ದಳು.

“ಅಳಿಸಾಕ್ರಿ ಸಾರ್. ಪೇಜಿಗೆ ಎಷ್ಟು ತಗಂತೀರಿ?”

“ಅವ್ವಾ, ನಾನು ವಕೀಲ.”

“ಇರ್ಲಿ ಬಿಡ್ರಿ, ಕೆಲ್ಸ ಬರ್ತೈತಲ್ಲ?”

ಕಾನೂನಿನ ಘನತೆಯನ್ನು ವಿವರಿಸಲು ಗಂಟಲು ಸರಿಮಾಡಿಕೊಂಡೆ. ಆದರೆ ದೂರಿಗೆ ಮೊದಲು ಸಾಕ್ಷ್ಯ ಬೇಕು. ವಿಧಿಯಿಲ್ಲದೆ ಆ ನಕಲಿ ಖಾತೆಯ ಪುಟಗಳನ್ನು ಪ್ರಿಂಟ್ ತೆಗೆಯಲು ಕುಳಿತೆ. ಆಕೆ ‘ನಾ ಹೇಳ್ಲಿಲ್ವಾ?’ ಎನ್ನುವಂತೆ ನೋಡಿದರು.

ದೂರು ಹೋಯಿತು, ಖಾತೆಯೂ ಹೋಯಿತು, ಹುಡುಗಿ ಮತ್ತೆ ಕಾಲೇಜಿಗೆ ಹೋದಳು. ಮರುವಾರ ತಾಯಿ ಪಕ್ಕದ ಮನೆಯಾಕೆಯನ್ನು ಕರೆತಂದು ಬಾಗಿಲಲ್ಲೇ ಸಾರಿದರು: “ಇದೇ ಕಣೇ ನನ್ ಮಗ್ಳ ಮಾನ ಉಳಿಸಿದ್ ಸೈಬರ್!”

ಪಕ್ಕದ ಮನೆಯಾಕೆ ಆಧಾರ್ ಕಾರ್ಡು ಚಾಚಿದರು. ನಾನು ನ್ಯಾಯಶಾಸ್ತ್ರವನ್ನು ಸಗೌರವವಾಗಿ ಪಕ್ಕಕ್ಕಿಟ್ಟು, ಕಲರ್ ಬೇಕೋ ಕಪ್ಪುಬಿಳುಪು ಸಾಕೋ ಎಂದು ಕೇಳಿದೆ.