ಗುಂಡು ಕಾರಿನ ಹ್ಯಾಂಡ್ಲು

ನಮ್ಮವರಿಗೆ ಹಳೇ ಕಾರಿನ ಹುಚ್ಚು. ಮದುವೆಗೆ ಮೊದಲೇ ಯಾರಾದರೂ ಇದನ್ನು ನನಗೆ ಹೇಳಬಹುದಿತ್ತು, ಹೇಳಲಿಲ್ಲ. ಹೆಣ್ಣು ನೋಡಲು ಬಂದ ದಿನ ಅವರು ನನ್ನನ್ನು ನೋಡಿದ್ದಕ್ಕಿಂತ ನಮ್ಮ ತಂದೆಯ ಶೆಡ್ಡಿನಲ್ಲಿ ಗೋಣಿಚೀಲ ಹೊದ್ದು ನಿಂತಿದ್ದ ಜೀಪನ್ನು ನೋಡಿದ್ದೇ ಹೆಚ್ಚು. ಉಪ್ಪಿಟ್ಟು ಆರುತ್ತಾ ಇತ್ತು, ಇವರು ಜೀಪಿನ ಬಾನೆಟ್ಟಿನೊಳಗೆ ತಲೆ ತೂರಿಸಿದ್ದರು. ನಾನು ಆಗಲೇ ತಿಳಿದುಕೊಳ್ಳಬೇಕಿತ್ತು.

ಆದರೆ ಹುಚ್ಚಿಗೆ ನಮ್ಮ ಸೀಮೆಯೂ ಸರಿಯಾಗಿತ್ತು. ಮಲ್ಲಂದೂರಿನಿಂದ ಹಿಡಿದು ಜಾವಳಿಯ ತನಕ ಯಾವ ತೋಟದ ಹಿಂದಿನ ಶೆಡ್ಡಿಗೆ ಹೋದರೂ ಒಂದು ಹಳೇ ಕಾರು ಸಿಗುತ್ತಿತ್ತು. ಕಾಫಿಗೆ ಬೆಲೆ ಬಂದ ವರ್ಷ ಕೊಂಡದ್ದು, ಬೆಲೆ ಬಿದ್ದ ವರ್ಷ ನಿಲ್ಲಿಸಿದ್ದು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಡುತ್ತಿತ್ತು. ಎಂಜಿನ್ನಿನ ಮೇಲೆ ಇಲಿ ಸಿಲ್ವರ್ ಓಕಿನ ಎಲೆ ತಂದು ಸಂಸಾರ ಹೂಡಿರುತ್ತಿತ್ತು. ಅಂಥದ್ದನ್ನೆಲ್ಲ ಕೇಳಿ ತಂದು, ಮೂಡಿಗೆರೆಯ ಒಬ್ಬ ಮೇಸ್ತ್ರಿಯ ಕೈಯಲ್ಲಿ ಜೀವ ಬರಿಸಿ, ಒಂದೆರಡು ತಿಂಗಳು ತಾವೇ ಓಡಿಸಿ ಆಸೆ ತೀರಿದ ಮೇಲೆ ಮಾರುವುದು ನಮ್ಮವರ ಕೆಲಸ. ಎರಡು ಸಾವಿರದ ಇಸವಿಯ ಈಚೆಗೆ ಮನೆಗೆ ಕಂಪ್ಯೂಟರ್ ಬಂದ ಮೇಲೆ ಈ ಮಾರಾಟ ಇಂಟರ್ನೆಟ್ಟಿನ ಹರಾಜಿಗೆ ಏರಿತು. ಫೋಟೋ ಹಾಕಿ, ವಿವರ ಬರೆದು, ಇಂಥ ದಿನದ ಇಂಥ ಹೊತ್ತಿನೊಳಗೆ ಯಾರು ಹೆಚ್ಚು ಕೂಗುತ್ತಾರೋ ಅವರಿಗೆ ಎಂದು ಬಿಟ್ಟರಾಯಿತು. ಕೂಗುವವರಿಗೆ ಮುಖವಿಲ್ಲ, ಊರಿಲ್ಲ. ಇಂಗ್ಲಿಷ್ ಅಕ್ಷರ, ಅದರ ಮುಂದೆ ನಾಲ್ಕು ಅಂಕಿ, ಅದೇ ಅವರ ಹೆಸರು.

ವಿವರ ಬರೆಯುವ ಕೆಲಸ ನನ್ನದಾಯಿತು. ನಮ್ಮವರು "ಅಲ್ಲಲ್ಲಿ ಸ್ವಲ್ಪ ತುಕ್ಕಿದೆ ಅಂತ ಬರಿ" ಎನ್ನುತ್ತಿದ್ದರು. ನಾನು ನೆಲದ ತಗಡಿನಲ್ಲಿ ಕಾಲು ತೂರುವಷ್ಟು ದೊಡ್ಡ ತೂತಿದೆ ಎಂದೇ ಬರೆಯುತ್ತಿದ್ದೆ. ಹಾಗೆ ಬರೆದದ್ದರಿಂದಲೇ ಪುಣೆ, ಕೊಯಮತ್ತೂರಿನವರು ಕಾರನ್ನು ಕಣ್ಣಲ್ಲಿ ನೋಡದೆಯೂ ನಮ್ಮನ್ನು ನಂಬುತ್ತಿದ್ದರು. ಇದನ್ನು ನಮ್ಮವರು ಇವತ್ತಿಗೂ ಒಪ್ಪುವುದಿಲ್ಲ.

ತೊಂದರೆ ಇದ್ದದ್ದು ಅತ್ತೆಯ ಕಡೆಯಿಂದ. ನಮ್ಮ ಕಡೆ ಕೊಟ್ಟಿಗೆಯ ದನ ಮಾರಿದರೆ ಕೊರಳ ಹಗ್ಗ ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಕೊಂಡವನು ತನ್ನ ಹಗ್ಗ ತಾನೇ ತರಬೇಕು. ಹಗ್ಗವೂ ಹೋದರೆ ಕೊಟ್ಟಿಗೆಯ ಏಳಿಗೆಯೇ ಹೋಯಿತು ಎಂದು ನಂಬಿಕೆ. ಅತ್ತೆಯ ಲೆಕ್ಕದಲ್ಲಿ ಕಾರಿಗೂ ಇದೇ ಪದ್ಧತಿ. ಲಾರಿ ಬಂದು ಕಾರು ಹತ್ತಿಸುವ ಹೊತ್ತಿಗೆ ಸದ್ದಿಲ್ಲದೆ ಹೋಗಿ ಏನಾದರೊಂದು ಬಿಚ್ಚಿಕೊಂಡು ಬರುತ್ತಿದ್ದರು: ಗೇರಿನ ಗುಂಡು, ಹಾರನ್ನಿನ ರಬ್ಬರು, ಹೀಗೆ. ಕೊಯಮತ್ತೂರಿನವನೊಬ್ಬ ಗೇರಿನ ಗುಂಡು ಫೋಟೋದಲ್ಲಿದೆ, ಕಾರಿನಲ್ಲಿಲ್ಲ ಎಂದು ಹರಾಜಿನ ಪುಟದಲ್ಲಿ ಎಲ್ಲರಿಗೂ ಕಾಣುವ ಹಾಗೆ ದೂರು ಬರೆದ. ದನದ ಹಗ್ಗದ ಪದ್ಧತಿಯನ್ನು ಅವನಿಗೆ ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ ನಾನು ಸುಸ್ತಾದೆ. ಆಮೇಲೆ ಅತ್ತೆಯ ಜೊತೆ ರಾಜಿಯಾಯಿತು. ಬೀಗದ ಕೈ ಕಟ್ಟಿದ ದಾರ ಮಾತ್ರ ನಮ್ಮದು, ಉಳಿದದ್ದೆಲ್ಲ ಕೊಂಡವರದು.

ಉಗ್ರಾಣದ ಗೋಡೆಯಲ್ಲಿ ದನದ ಹಗ್ಗಗಳ ಸಾಲಿಗೆ ಈ ದಾರಗಳೂ ಸೇರಿದವು. ಆ ಸಾಲಿನ ಮೊದಲ ಮೊಳೆಗೆ ಒಂದು ಕಬ್ಬಿಣದ ಸ್ಟಾರ್ಟಿಂಗ್ ಹ್ಯಾಂಡ್ಲು ನೇತುಹಾಕಿತ್ತು. ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಅದು ಗುಂಡು ಕಾರಿನದು.

ಗುಂಡು ಕಾರು ನಾನು ಈ ಮನೆಗೆ ಬರುವ ಮೊದಲೇ ಹೋಗಿತ್ತು. ಮಾವನವರು ಕೊಂಡಿದ್ದ, ಎಲ್ಲ ಮೂಲೆಯೂ ದುಂಡಗಿದ್ದ, ಕಡುಹಸಿರು ಬಣ್ಣದ ಇಂಗ್ಲಿಷ್ ಕಾರಂತೆ. ಅತ್ತೆ ಡ್ರೈವಿಂಗ್ ಕಲಿತದ್ದು ಅದರಲ್ಲಿ, ಕಾಫಿ ಒಣಗಿಸುವ ಕಣದಲ್ಲಿ. ಎಡಗಡೆಯ ಮಡ್ಗಾರ್ಡಿನ ತಗ್ಗು ಅವರು ಗೇಟಿನ ಕಂಬಕ್ಕೆ ಹೊಡೆದು ಮಾಡಿದ್ದು. ಚಳಿಗಾಲದ ಬೆಳಿಗ್ಗೆ ಕಾರು ಸೆಲ್ಫ್ ಸ್ಟಾರ್ಟರಿಗೆ ಏಳುತ್ತಿರಲಿಲ್ಲ. ಮಾವನವರಿಗೆ ಭುಜದ ನೋವು. ಅವರು ಒಳಗೆ ಕೂತು ಆಕ್ಸಿಲೇಟರ್ ಒತ್ತುವುದು, ಅತ್ತೆ ಸೆರಗು ಸಿಕ್ಕಿಸಿ ಮುಂದೆ ನಿಂತು ಎಂಜಿನ್ನಿಗೆ ಹ್ಯಾಂಡ್ಲು ತೂರಿಸಿ ತಿರುಗಿಸುವುದು. ಕಾರು ಎದ್ದ ಸದ್ದು ಕೇಳಿದ ಮೇಲೆಯೇ ಕೂಲಿ ಲೈನಿನವರು ಕೆಲಸಕ್ಕೆ ಹೊರಡುತ್ತಿದ್ದರಂತೆ.

ಮಾವನವರು ಹೋದ ಮೇಲೆ, ತೊಂಬತ್ತರ ದಶಕದ ಶುರುವಿನಲ್ಲಿ, ತೋಟ ಹಿಸ್ಸೆಯಾಯಿತು. ಮೇಲಿನ ಮನೆ ನಮಗೆ, ಕೆಳಗೆ ಗದ್ದೆಯ ಬದಿಯ ಮನೆ ಮಾವನವರ ತಮ್ಮನಿಗೆ, ಎಂದರೆ ಚಿಕ್ಕ ಮಾವನಿಗೆ. ಕಾರು ಚಿಕ್ಕ ಮಾವನ ಪಾಲಿಗೆ ಹೋಯಿತು. ಪಂಚಾಯ್ತಿದಾರರು ಹಾಗೆ ಬರೆದರು, ಅತ್ತೆ ಬೇಡ ಎನ್ನಲಿಲ್ಲ. ಕಾರು ಹೊರಡುವ ದಿನ ಪದ್ಧತಿಯಂತೆ ಹಗ್ಗ ಇಟ್ಟುಕೊಂಡರು, ಅಂದರೆ ಹ್ಯಾಂಡ್ಲು. ಸೆಲ್ಫ್ ಆಗಲೇ ಪೂರ್ತಿ ಕೆಟ್ಟಿತ್ತು. ಇಳಿಜಾರಿನಲ್ಲಿ ತಳ್ಳಿ ಗೇರಿಗೆ ಬಿಟ್ಟರೆ ಕಾರು ಸ್ಟಾರ್ಟ್ ಆಗಿ ಹೋಯಿತು. ಆದರೆ ಚಿಕ್ಕ ಮಾವನ ಮನೆ ಇರುವುದು ತಗ್ಗಿನಲ್ಲಿ. ಅಲ್ಲಿಂದ ತಳ್ಳಿ ಸ್ಟಾರ್ಟ್ ಮಾಡಲು ಇಳಿಜಾರೇ ಇಲ್ಲ.

ಅವರು ಬಂದು ಕೇಳಲಿ, ಕೊಡೋಣ ಅಂತ ಅತ್ತೆ. ಅತ್ತಿಗೆಯೇ ಕಳಿಸಲಿ ಅಂತ ಅವರು. ಮೂಡಿಗೆರೆಯ ವರ್ಕ್‌ಶಾಪಿನಲ್ಲಿ ಬೇರೆ ಹ್ಯಾಂಡ್ಲು ಮಾಡಿಸಬಹುದಿತ್ತು, ಮಾಡಿಸಲಿಲ್ಲ. ಎರಡು ಮಳೆಗಾಲ ಕಾರು ಅಲ್ಲೇ ನಿಂತಿತು. ಕೊನೆಗೊಂದು ದಿನ ಚಿಕ್ಕ ಮಾವ ಯಾರೋ ಹಾಸನದ ಬ್ರೋಕರಿಗೆ ಅದನ್ನು ಮಾರಿಬಿಟ್ಟರು. ಲಾರಿ ನಮ್ಮ ಗೇಟಿನ ಮುಂದೆಯೇ ಹಾದುಹೋಯಿತು. ಅವತ್ತಿನಿಂದ ಎರಡು ಮನೆಗೂ ಮಾತಿಲ್ಲ. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರಿಗೆ ಹಳ್ಳದ ನೀರು ತಿರುಗಿಸುವ ವಿಷಯವಿದ್ದರೂ ತೋಟದ ಲೆಕ್ಕ ಬರೆಯುವ ನಮ್ಮ ರೈಟರು ಅವರ ರೈಟರಿಗೆ ಹೇಳಬೇಕು. ಮದುವೆ ಮನೆಗಳಲ್ಲಿ ಬೇರೆ ಬೇರೆ ಪಂಕ್ತಿ. ನನಗಂತೂ ಇದು ಶುದ್ಧ ಮೂರ್ಖತನವಾಗಿ ಕಾಣುತ್ತಿತ್ತು, ಆದರೆ ಹೊಸ ಸೊಸೆಯ ಅಭಿಪ್ರಾಯ ಯಾರಿಗೆ ಬೇಕು?

ಹಲವು ವರ್ಷದ ಮೇಲೆ, ಒಂದು ಮಾರ್ಚಿನಲ್ಲಿ, ಕೊಯ್ಲು ಮುಗಿದು ಎಲ್ಲರೂ ಕಾಫಿ ಗಿಡ ಅರಳಿಸುವ ಹೂಮಳೆಗೆ ಆಕಾಶ ನೋಡುತ್ತಿದ್ದ ಕಾಲ. ನಮ್ಮವರು ಕಂಪ್ಯೂಟರಿನ ಮುಂದಿನಿಂದ ಕೂಗಿದ ಕೂಗಿಗೆ ನಾನು ಒಲೆಯ ಮೇಲಿನ ಹಾಲು ಬಿಟ್ಟು ಓಡಿದೆ. ಪರದೆಯ ಮೇಲೆ ಕಡುಹಸಿರು ಬಣ್ಣದ ದುಂಡು ಕಾರು. ಹಳೇ ಮೈಸೂರು ಕಾಲದ ಅದೇ ನಂಬರು. ಎಡಗಡೆ ಮಡ್ಗಾರ್ಡಿನಲ್ಲಿ ಅದೇ ತಗ್ಗು. ಕೆಳಗೆ ಪುಣೆಯ ಯಾರೋ ಪುಣ್ಯಾತ್ಮ ವಿವರ ಬರೆದಿದ್ದ: ಎಲ್ಲವೂ ಮೂಲದ್ದೇ, ಸ್ಟಾರ್ಟಿಂಗ್ ಹ್ಯಾಂಡಲ್ ಒಂದಿಲ್ಲ.

ಅತ್ತೆಯನ್ನು ಕರೆದು ತೋರಿಸಿದೆವು. ಕನ್ನಡಕ ಒರೆಸಿಕೊಂಡು, ಬಗ್ಗಿ, ಆ ತಗ್ಗಿನ ಮೇಲೆ ಬೆರಳಿಟ್ಟರು.

"ನಂಗೆ ಅದು ಬೇಕು ಕಣೋ," ಎಂದರು. ಮಗನ ಹತ್ತಿರ ಅವರು ಏನನ್ನಾದರೂ ಬೇಕು ಎಂದು ಕೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಹರಾಜು ಮುಗಿಯುವುದು ಭಾನುವಾರ ಮಧ್ಯಾಹ್ನ. ಊಟ ಮುಗಿಸಿ ಮೂವರೂ ಕಂಪ್ಯೂಟರಿನ ಮುಂದೆ ಕೂತೆವು. ಆಗ ನೆಟ್ಟು ಫೋನಿನ ತಂತಿಯಲ್ಲೇ ಬರುತ್ತಿತ್ತು. ಯಾರಾದರೂ ಫೋನ್ ಮಾಡಿದರೆ ಕೆಲಸ ಕೆಟ್ಟಿತು ಎಂದು ನಮ್ಮವರು ಹಿಂದಿನ ದಿನವೇ ನೆಂಟರಿಗೆಲ್ಲ ಹೇಳಿಟ್ಟಿದ್ದರು. ಮೊದಲು ಐದಾರು ಜನ ಕೂಗುತ್ತಿದ್ದರು. ಕ್ರಮೇಣ ಒಬ್ಬೊಬ್ಬರೇ ಬಿಟ್ಟರು. ಉಳಿದದ್ದು ನಾವು, ಇನ್ನೊಬ್ಬ. ನಾವು ಏರಿಸಿದ ಸ್ವಲ್ಪ ಹೊತ್ತಿಗೆ ಅವನೂ ಏರಿಸುತ್ತಿದ್ದ.

"ಎದ್ರಿಗೆ ಯಾರು ಕೂಗ್ತಿರೋದು?" ಅತ್ತೆ ಕೇಳಿದರು.

"ಗೊತ್ತಾಗಲ್ಲ ಅವ್ವ. ಬಾಂಬೆ ಕಡೆ ಡೀಲರ್ ಇರ್ಬೇಕು."

"ಮುಖ ನೋಡ್ದೆ ಹೆಂಗೆ ಕೂಗ್ತೀಯ ಮಾರಾಯ? ಎಂಥ ಹರಾಜು ಇದು?"

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮೂರ ದೇವಸ್ಥಾನದ ಅಂಗಳದಲ್ಲಿ ಬಾಳೆಗೊನೆ ಸವಾಲು ಹಾಕುವಾಗ ಎಲ್ಲರೂ ಎಲ್ಲರ ಮುಖ ನೋಡಿಕೊಂಡೇ ಕೂಗುತ್ತಾರೆ. ಹರಕೆ ಹೊತ್ತವರೋ, ಮನೆಯಲ್ಲಿ ಕಾಯಿಲೆಯವರು ಇದ್ದವರೋ ಬಾಯಿ ತೆರೆದರೆ ಉಳಿದವರು ತಾವಾಗಿ ಸುಮ್ಮನಾಗುತ್ತಾರೆ. ಈ ಪರದೆಯ ಆಚೆಗೆ ಸುಮ್ಮನಾಗು ಎಂದು ಹೇಳಲು ಯಾರೂ ಸಿಗುವುದಿಲ್ಲ.

ಬೆಲೆ ನಾವು ಅಂದುಕೊಂಡದ್ದನ್ನು ದಾಟಿತು. ನಮ್ಮವರ ಕಿವಿ ಕೆಂಪಾಗಿತ್ತು. ಇನ್ನೊಂದು ಸಲ ಏರಿಸಲು ಕೈ ಎತ್ತಿದಾಗ ಅತ್ತೆ ಆ ಕೈ ಹಿಡಿದುಕೊಂಡರು.

"ಸಾಕು ಬಿಡು. ಗೊಬ್ಬರದ ದುಡ್ಡಿಗೆ ಕೈ ಹಾಕ್ಬೇಡ. ಅವ್ನಿಗೂ ಆಸೆ ಇರ್ಬೇಕು, ತಗೊಳ್ಲಿ."

ಹೊತ್ತು ಮುಗಿಯಿತು. ಕಾರು ಅವನದಾಯಿತು. ನಮ್ಮವರು ಯಾರ ಮೇಲೆ ಸಿಟ್ಟು ಮಾಡುವುದೆಂದು ತೋಚದೆ, ನೆಟ್ಟು ನಿಧಾನವಾಯಿತೆಂದು ಫೋನಿನ ಮೇಲೆ ಸಿಟ್ಟು ಮಾಡಿದರು. ಅತ್ತೆ ಎದ್ದು ಉಗ್ರಾಣಕ್ಕೆ ಹೋದರು. ನಾನು ಕಾಫಿ ತೆಗೆದುಕೊಂಡು ಹೋಗಿ ನೋಡಿದರೆ, ಹ್ಯಾಂಡ್ಲನ್ನು ಮಡಿಲಲ್ಲಿಟ್ಟುಕೊಂಡು ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಾ ಕೂತಿದ್ದರು. ನನಗೆ ಅಳು ಬಂತು. ಕಾಫಿ ಅಲ್ಲೇ ಇಟ್ಟು ಬಂದೆ.

ಹೂಮಳೆ ಚೆನ್ನಾಗಿಯೇ ಬಂತು. ತೋಟವೆಲ್ಲ ಬೆಳ್ಳಗೆ ಅರಳಿ, ವಾಸನೆಗೆ ತಲೆ ಭಾರವಾಗುತ್ತಿದ್ದ ಆ ವಾರದಲ್ಲಿ ಒಂದು ಬೆಳಿಗ್ಗೆ, ಟಾರ್ಪಾಲು ಹೊದ್ದ ಲಾರಿಯೊಂದು ನಮ್ಮ ಗೇಟಿನ ಮುಂದೆ ಹಾದು ಕೆಳಗಿನ ಮನೆಯ ಕಡೆ ಇಳಿಯಿತು. ಟಾರ್ಪಾಲಿನ ತುದಿ ಗಾಳಿಗೆ ಎದ್ದಿತ್ತು. ಕಣದಲ್ಲಿ ನಿಂತಿದ್ದ ಅತ್ತೆ ನನ್ನ ತೋಳು ಹಿಡಿದರು.

"ನಮ್ ಗುಂಡು!"

ಅವರ ಮುಖ ಕೆಂಪಾಯಿತು. "ಮತ್ತೆ ಅವ್ನಿಗೇ ಸಿಕ್ತಾ? ನಂಗೆ ಸಿಗ್ಬಾರ್ದು ಅಂತ್ಲೇ ತಗೊಂಡ್ನಾ?" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನನಗೂ ಹಾಗೇ ಅನ್ನಿಸಿತು. ನಮ್ಮವರಂತೂ ಕೆಳಗೆ ಹೋಗಿ ಕೇಳಿಯೇ ಬಿಡುತ್ತೇನೆ ಎಂದು ಚಪ್ಪಲಿ ಹುಡುಕತೊಡಗಿದರು.

ಚಪ್ಪಲಿ ಸಿಗುವ ಮೊದಲೇ ಚಿಕ್ಕ ಮಾವನೇ ದಾರಿ ಹತ್ತಿ ಬಂದರು. ಅವರು ನಮ್ಮ ಅಂಗಳಕ್ಕೆ ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕಣದ ಅಂಚಿನಲ್ಲೇ ನಿಂತರು. ಹತ್ತಿ ಬಂದ ಏದುಸಿರು. ಯಾರನ್ನೂ ನೋಡದೆ, ಮುಚ್ಚಿದ ಬಾಗಿಲಿಗೆ ಹೇಳಿದರು.

"ಅತ್ತಿಗೆ, ಕಾರು ತರ್ಸಿದೀನಿ. ನಿಮ್ಗೆ ಅಂತ್ಲೇ. ಸ್ಟಾರ್ಟ್ ಮಾಡಿ ಇಲ್ಲಿಗೇ ಓಡಿಸ್ಕೊಂಡು ಬರೋಣ ಅಂತಿದ್ದೆ. ಸೆಲ್ಫ್ ತಗೊಳ್ತಿಲ್ಲ. ಹ್ಯಾಂಡ್ಲು ನಿಮ್ಮತ್ರ ಇದ್ಯಲ್ಲ..." ಟವೆಲಿನಿಂದ ಮುಖ ಒರೆಸಿಕೊಂಡರು. "ಅವತ್ತೇ ಬಂದು ಕೇಳ್ಬೇಕಿತ್ತು."

ಬಾಗಿಲು ತೆರೆಯಲಿಲ್ಲ. ನಮ್ಮವರು ಚಪ್ಪಲಿ ಹುಡುಕುವುದನ್ನು ಬಿಟ್ಟು ಹತ್ತಿರ ಬಂದರು. "ಚಿಕ್ಕಪ್ಪ, ಹರಾಜಲ್ಲಿ ಕೂಗ್ತಿದ್ದದ್ದು ನೀವಾ?"

"ಹ್ಞೂಂ ಮಾರಾಯ. ಮೂಡಿಗೆರೆ ಸೈಬರ್ ಕೆಫೇಲಿ ಕೂತು. ಯಾವನೋ ಒಬ್ಬ ಸೇಟು ಬಿಡ್ತಾನೇ ಇರ್ಲಿಲ್ಲ. ನಾ ಏರಿಸ್ದಂಗೆ ಅವ್ನೂ ಏರಿಸ್ತಿದ್ದ. ಬೈಕೊಂಡು ಬೈಕೊಂಡೇ ಕೂಗ್ದೆ."

"ಆ ಸೇಟು ನಾನೇ," ಎಂದರು ನಮ್ಮವರು.

ಮೊದಲು ನಕ್ಕದ್ದು ಬಾಗಿಲ ಹಿಂದಿನಿಂದ. ಅತ್ತೆ ಅಷ್ಟು ಜೋರಾಗಿ ನಗುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಬಾಗಿಲು ತೆರೆದು ಬಂದಾಗ ಕಣ್ಣು ಒದ್ದೆಯಾಗಿತ್ತು, ಕೈಯಲ್ಲಿ ಹ್ಯಾಂಡ್ಲಿತ್ತು.

"ಒಂದೇ ತೋಟದ ನೀರು ಕುಡ್ಯೋರು ಒಬ್ರ ಮೇಲೊಬ್ರು ಕೂಗಿ ಪುಣೆಯವ್ನ ಮನೆ ತುಂಬ್ಸಿದ್ರಲ್ಲ!" ಎಂದು ಇಬ್ಬರಿಗೂ ಸೇರಿಸಿ ಬೈದರು. ಆಮೇಲೆ ಮೈದುನನ ಮುಂದೆ ಹೋಗಿ ನಿಂತರು. "ಕಾರು ನಿಂದು. ದುಡ್ಡು ಕೊಟ್ಟು ತಂದವ ನೀನು, ನಿನ್ ಶೆಡ್ಡಲ್ಲೇ ಇರ್ಲಿ. ಹ್ಯಾಂಡ್ಲು ಮಾತ್ರ ಈ ಮನೇದು, ಕೊಡಲ್ಲ. ಬೇಕಾದಾಗ ಬಂದು ಇಸ್ಕೊಂಡ್ ಹೋಗು, ಕೆಲ್ಸ ಆದ್ಮೇಲೆ ತಂದಿಡು."

ಹ್ಯಾಂಡ್ಲನ್ನು ಅವರ ಕೈಗಿಟ್ಟರು. ಅವರು ತಿರುಗಿ ಹೊರಟಾಗ ಅತ್ತೆ ಹಿಂದಿನಿಂದ ಕೂಗಿ ಹೇಳಿದರು: "ಹೆಬ್ಬೆರಳು ಹಿಡಿಗೆ ಸುತ್ಬೇಡ. ವಾಪಸ್ ಹೊಡೆದ್ರೆ ಕೈ ಮುರಿತದೆ."

ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಚಿಕ್ಕ ಮಾವ ಹ್ಯಾಂಡ್ಲು ಕೇಳಿಕೊಂಡು ಬರುತ್ತಿದ್ದರು. ಬಂದವರು ಕೂತು ಕಾಫಿ ಕುಡಿಯುತ್ತಿದ್ದರು, ಕಡುಬು ಇದ್ದರೆ ತಿನ್ನುತ್ತಿದ್ದರು, ನೀರಿನ ಸರದಿಯನ್ನು ರೈಟರಿಲ್ಲದೆ ಮಾತಾಡುತ್ತಿದ್ದರು. ಆಮೇಲೆ ಕಾರು ತಂದು ಅತ್ತೆಯನ್ನು ಕೂರಿಸಿಕೊಂಡು ಜಾವಳಿಯ ತನಕ ಹೋಗಿ ಬರುತ್ತಿದ್ದರು. ಬರುವಾಗ ಕೆಲವು ಸಲ ಸ್ಟೀರಿಂಗು ಅತ್ತೆಯ ಕೈಯಲ್ಲಿರುತ್ತಿತ್ತು. ನಾವು ಕಾರು ಮಾರುವ ಕೆಲಸ ಬಿಡಲಿಲ್ಲ. ಆದರೆ ಯಾವುದೇ ಹರಾಜಿನಲ್ಲಿ ಕೂಗುವ ಮೊದಲು ನಮ್ಮವರು ಕೆಳಗಿನ ಮನೆಗೊಂದು ಫೋನ್ ಮಾಡುವುದನ್ನು ರೂಢಿ ಮಾಡಿಕೊಂಡರು.

ಮರುವರ್ಷದ ಚಳಿಗಾಲ. ಒಂದು ಭಾನುವಾರ ಅತ್ತೆ, ನಾನು ಕಣದಲ್ಲಿ ಕಾಫಿ ಹರವುತ್ತಿದ್ದೆವು. ಕೆಳಗಿನ ಮನೆಯ ಕಡೆಯಿಂದ ಗುಂಡು ಕಾರಿನ ಸದ್ದು ಕೇಳಿತು. ಒಂದೇ ಸಲಕ್ಕೆ ಎದ್ದು, ಸ್ವಲ್ಪ ಹೊತ್ತು ಚೆನ್ನಾಗಿ ಓಡಿ, ನಿಂತಿತು. ಹೊಸ ಬ್ಯಾಟರಿ ಹಾಕಿಸಿ ಸೆಲ್ಫನ್ನೂ ರಿಪೇರಿ ಮಾಡಿಸಿದ್ದಾರೆಂದು ನಮ್ಮವರು ನನ್ನ ಹತ್ತಿರ ಹೇಳಿದ್ದರು. ಅತ್ತೆಗೆ ಹೇಳಿರಲಿಲ್ಲ. ನಾನು ಅತ್ತೆಯ ಮುಖ ನೋಡಿದೆ. ಅವರು ಕಾಫಿ ಹರವುತ್ತಲೇ ಇದ್ದರು.

ಸ್ವಲ್ಪ ಹೊತ್ತಿಗೆ ಚಿಕ್ಕ ಮಾವ ಏದುಸಿರು ಬಿಡುತ್ತಾ ದಾರಿ ಹತ್ತಿ ಬಂದರು.

"ಅತ್ತಿಗೆ, ಹ್ಯಾಂಡ್ಲು ಬೇಕಿತ್ತು. ಚಳಿಗೆ ಏಳ್ತಾನೇ ಇಲ್ಲ ನೋಡಿ."

ಅತ್ತೆ ಕೈ ಕೊಡವಿಕೊಂಡು ಒಳಗೆ ಹೋದರು. ಹ್ಯಾಂಡ್ಲು ತಂದು ಕೊಟ್ಟು, "ಹೆಬ್ಬೆರಳು ಜೋಪಾನ. ಕೂತ್ಕೋ, ಕಾಫಿ ಕುಡ್ಕೊಂಡು ಹೋಗು," ಎಂದರು.