ಹೊರಗಿನವರು ಹಗ್ಗ ಎಳೆದ ವರ್ಷ

…ಕಾಫಿ ಹೂ ಆಗ ಬಿಟ್ಟಿತ್ತೋ, ಆ ವಾಸನೆಯನ್ನು ನಾನೇ ಆಮೇಲೆ ತಂದು ಸೇರಿಸಿದೆನೋ, ಹೇಳಲಾರೆ. ಆ ದಿನಗಳಲ್ಲಿ ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿದ ಮೇಲೆ ಪಾಲಿಬೆಟ್ಟದ ನಮ್ಮ ಎಸ್ಟೇಟಿಗೂ ಪಕ್ಕದ ಎಸ್ಟೇಟಿಗೂ ಹಗ್ಗಜಗ್ಗಾಟ ನಡೆಯುತ್ತಿದ್ದುದು ಮಾತ್ರ ಖಚಿತ. ಕೊಯ್ದ ಗದ್ದೆಯ ಕೂಳೆ ಅಂಗಾಲಿಗೆ ಚುಚ್ಚುತ್ತಿತ್ತು. ಬೆಲ್ಲದ ಕಾಫಿ ನಾಲಿಗೆ ಸುಡುತ್ತಿತ್ತು.

ವರ್ಷದಲ್ಲಿ ಅದೊಂದೇ ದಿನ ಕೂಲಿಯವರ ಲೈನ್ ಮನೆಗಳ ಹೆಂಗಸರು ಗಂಡನ ಹೆಸರು ಹಿಡಿದು ಕೂಗಬಹುದಿತ್ತು. ಚಿಕ್ಕಪ್ಪ ಸೊಂಟಕ್ಕೆ ಹಗ್ಗ ಸುತ್ತಿಕೊಂಡು ಕಡೆಯವರಾಗಿ ನಿಲ್ಲುತ್ತಿದ್ದರು. ಚಿಕ್ಕಮ್ಮನದೇ ದೊಡ್ಡ ಗಂಟಲು.

"ಪುಟ್ಟಸ್ವಾಮೀ! ಬೆಳಿಗ್ಗೆ ತಿಂದ ಅಷ್ಟೂ ರೊಟ್ಟಿ ಎಲ್ಲೋದ್ವು? ಎಳಿ!"

ಗದ್ದೆಯೆಲ್ಲ ನಗು. ಚಿಕ್ಕಪ್ಪ ನಾಚಿಕೊಂಡೇ ಇನ್ನಷ್ಟು ಎಳೆಯುತ್ತಿದ್ದರು.

ಆ ವರ್ಷ ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ಹಗ್ಗ ಎಳೆಯುವುದೇ ಕಸುಬಾದ ತಂಡವೊಂದನ್ನು ಹೊರಗಿನಿಂದ ಕರೆಸಿದರು.

"ವರ್ಷವರ್ಷ ಸೋತು ಮಾನ ಹೋಯ್ತು ಪುಟ್ಟಸ್ವಾಮಿ. ಈ ಸಲ ನೀವು ನಿಂತು ನೋಡಿ."

"ಆಯ್ತು ಸಾರ್," ಎಂದರು ಚಿಕ್ಕಪ್ಪ.

ಬಂದವರೆಲ್ಲ ಒಂದೇ ಬಗೆಯ ಬೂಟು ಹಾಕಿದ್ದರು. ಚಿಕ್ಕಪ್ಪನ ಜಾಗದಲ್ಲಿ ನಿಂತವನ ಬಳಿಗೆ ಚಿಕ್ಕಮ್ಮ ಹೋದಳು.

"ನಿಮ್ಮೆಸ್ರೇನಣ್ಣ?"

"ಯಾಕಕ್ಕ?"

"ಕೂಗಕ್ಕೆ."

"ಬೇಡಕ್ಕ. ಕೂಗಿದ್ರೆ ನಮ್ಗೆ ಉಸಿರು ತಪ್ಪುತ್ತೆ."

ಸೀಟಿ ಊದಿದರು. ಅವರೆಲ್ಲ ಒಟ್ಟಿಗೆ ಹಿಂದಕ್ಕೆ ವಾಲಿದರು. ಯಾರೂ ನರಳಲಿಲ್ಲ. ಕಣ್ಣುಗಳೆಲ್ಲ, ಪಕ್ಕದಲ್ಲಿ ನಿಂತು ಸನ್ನೆ ಮಾಡುತ್ತಿದ್ದ ತಮ್ಮ ತಂಡದ ಮುಖಂಡನ ಬೆರಳ ಮೇಲಿದ್ದವು. ಎದುರಿನವರ ಹಿಮ್ಮಡಿಯಡಿ ಕೂಳೆ ಮುರಿಯುವ ಸದ್ದು ಕೇಳುವಷ್ಟು ಮೌನ. ಗೆಲ್ಲುತ್ತಿದ್ದವರು ನಾವೇ. ಆದರೆ ಯಾರ ಹೆಸರು ಕೂಗುವುದು?

"ಪುಟ್ಟಸ್ವಾಮೀ, ಎಳಿ!"

ಚಿಕ್ಕಮ್ಮನ ಗಂಟಲು. ತಿರುಗಿದೆ. ಜನರ ಹಿಂದೆ ಚಿಕ್ಕಪ್ಪ ಹಿಮ್ಮಡಿ ಊರಿ, ಬರಿಮುಷ್ಟಿಗಳನ್ನು ಎದೆಯ ಮುಂದೆ ಬಿಗಿದು, ಹಿಂದಕ್ಕೆ ವಾಲಿದ್ದರು. ಹಗ್ಗವಿಲ್ಲದೆ ಯಾರೂ ಅಷ್ಟು ವಾಲಲಾರರು. ಅವರ ತೋಳುಗಳು ನಡುಗುತ್ತಿದ್ದವು. ಹಗ್ಗ ಹಿಡಿದವರ ತೋಳುಗಳು ನಡುಗುತ್ತಿರಲಿಲ್ಲ.

ಗೆದ್ದೆವು. ಚಪ್ಪಾಳೆ ತಟ್ಟಬೇಕೆಂದು ರೈಟರೇ ನೆನಪಿಸಬೇಕಾಯಿತು.

ಮೊನ್ನೆ ಕೇಳಿದರೆ ಚಿಕ್ಕಪ್ಪ, "ನಾನವತ್ತು ಗದ್ದೆಗೇ ಬರ್ಲಿಲ್ಲ ಕಣವ್ವ, ವಿರಾಜಪೇಟೆಗೆ ಹೋಗಿದ್ದೆ," ಎಂದರು. ಒಳಗಿನಿಂದ ಚಿಕ್ಕಮ್ಮ, "ಅವ್ರ ಹೆಸ್ರನ್ನ ನಾನ್ಯಾವತ್ತು ಹೇಳಿದೀನಿ?" ಎಂದಳು. ಅವಳು ತಮಾಷೆ ಮಾಡುತ್ತಿರಲಿಲ್ಲ.

ಈಗಿನ ಪಂದ್ಯಗಳಿಗೆ ದೂರದೂರಿಂದ ತಂಡಗಳು ಬರುತ್ತವೆ. ನಮ್ಮವರಿಗಿಂತ ಎಷ್ಟೋ ಚೆನ್ನಾಗಿ ಎಳೆಯುತ್ತವೆ. ಹೆಂಗಸರು ಕುರ್ಚಿಯಲ್ಲಿ ಕೂತು ನೋಡುತ್ತಾರೆ. ಗಂಡನ ಹೆಸರು ಕೂಗುವ ದಿನ ಮಾತ್ರ ವರ್ಷದಿಂದ ಹೊರಟುಹೋಗಿದೆ. ಆವತ್ತು ಚಿಕ್ಕಪ್ಪ ಏನನ್ನು ಹಿಡಿದುಕೊಂಡು ಬೀಳದೆ ನಿಂತಿದ್ದರೋ, ನನಗೆ ಗೊತ್ತಿಲ್ಲ.